ಎರಡು ಗುಂಡಿನ ಡ್ರಮ್ಮು

ಏಪ್ರಿಲ್ 3, ಬೆಳಿಗ್ಗೆ

ಮತ್ತೆ ಅದೇ ಗೋಳು. ಕೊಲ್ಲಿಯೊಳಗೆ ಎರಡು ಯಾಟು, ಶೋಕಿ ಹಾಯಿದೋಣಿಗಳು. ಹೇಳದೆ ಕೇಳದೆ ಬಂದು ಲಂಗರು ಇಳಿಸಿವೆ, ಕಡಲಹುಲ್ಲಿನ ಮೇಲೇ. "ಇಲ್ಲಿ ಲಂಗರು ಹಾಕಬೇಡಿ, ಕೆಳಗೆ ಹುಲ್ಲು ಬೆಳೆಸುತ್ತಿದ್ದೇವೆ" ಅಂತ ಅಷ್ಟುದ್ದ ಬೋರ್ಡು ಇದೆ. ಕಣ್ಣು ಕಾಣಿಸಲ್ವಾ ಅಂದ್ರೆ ಒಬ್ಬ ಹಲ್ಲು ಕಿಸಿದು ಹೇಳ್ತಾನೆ — "ಹುಲ್ಲು ತಾನೇ ಮೇಡಂ, ಮತ್ತೆ ಬೆಳೆಯುತ್ತೆ ಬಿಡಿ." ಮೈಯೆಲ್ಲ ಉರೀತು.

ತಮ್ಮ ಗಾಳಿಯ ಸಿಲಿಂಡರ್ ಬೆನ್ನಿಗೆ ಬಿಗಿದುಕೊಂಡು ಮುಳುಗಿದ. ಮೇಲೆ ಬಂದಾಗ ಎರಡೂ ಕೈ ತುಂಬ ಬೇರು ಸಮೇತ ಕಿತ್ತುಬಂದ ಹುಲ್ಲು. ಲಂಗರಿನ ಸರಪಳಿ ಗಾಳಿಗೆ ಸುತ್ತ ಎಳೆದಾಡಿ ನೆಲಾನೇ ಬೋಳಿಸಿದೆ ಅಂದ. ವರ್ಷಗಟ್ಟಲೆ ಒಂದೊಂದೇ ಸಸಿ ನೆಟ್ಟವನು ಅವನು. ಮೀನು ಮರಿ ಮಾಡೋಕೆ ಬಂದರಿನಲ್ಲಿ ಉಳಿದಿರೋದು ಅದೊಂದೇ ಜಾಗ. ಜೆಟ್ಟಿ ಮೇಲೆ ಕೂತು, ಮಗುವಿನ ತಲೆ ನೇವರಿಸೋ ಹಾಗೆ ಆ ಹುಲ್ಲು ನೇವರಿಸ್ತಾ ಇದ್ದ. ನೋಡೋಕಾಗಲಿಲ್ಲ.

ಬಂದರಿನ ಆಫೀಸಲ್ಲಿ ರೇಡಿಯೋ ಮುಂದೆ ಕೂತು ಯಾವ ದೋಣಿ ಎಲ್ಲಿ ನಿಲ್ಲಬೇಕು ಅಂತ ಹೇಳೋದು ನನ್ನ ಕೆಲಸ. ಹೇಳೋದಷ್ಟೇ. ಕೇಳೋರು ಯಾರು?

ಏಪ್ರಿಲ್ 5

ಶೆಡ್ಡಿನ ಮೂಲೆಯಲ್ಲಿ ನೀರ ಮೇಲೆ ತೇಲಿಸೋ ಹಳೇ ಡ್ರಮ್ಮು ಸಿಕ್ತು. ಕಪ್ಪು-ಕೆಂಪು ಪಟ್ಟಿ, ತಲೆ ಮೇಲೆ ಎರಡು ಕಪ್ಪು ಗುಂಡು. ನೀರೊಳಗೆ ಬಂಡೆ ಇದೆ, ಹತ್ತಿರ ಬಂದರೆ ಸತ್ತೆ ಅಂತ ಅರ್ಥ. ದೋಣಿ ನಡೆಸೋ ಎಲ್ಲರಿಗೂ ಗೊತ್ತು. ಬಂದರಿನ ಬಾಯಲ್ಲಿದ್ದ ಬಂಡೆ ಒಡೆಸಿದ ಮೇಲೆ ಇದಕ್ಕೆ ಕೆಲಸ ಇರಲಿಲ್ಲ. ನಾನು ಕೊಡ್ತೀನಿ ಕೆಲಸ.

ತಮ್ಮ ಬೇಡ ಅಂದ. "ಅದನ್ನ ನೋಡಿದ್ರೆ ಜನ ನಂಬ್ತಾರಕ್ಕಾ."

"ನಂಬ್ಲಿ ಅಂತಾನೇ ಕಣೋ ಇಡೋದು."

ಮುಖ ಊದಿಸ್ಕೊಂಡೇ ಬಂದು ಸರಪಳಿ ಹಿಡಿದ. ಕೊಲ್ಲಿ ನಡುವೆ ಇಳಿಸಿದ್ವಿ. ಬಂದರಿನ ಮ್ಯಾನೇಜರಿಗೆ ಹೇಳಿಲ್ಲ. ಹೇಳಿದ್ರೆ ಬೇಡ ಅಂತಾರೆ.

ಮೇ 21

ಒಂದೇ ಒಂದು ಯಾಟು ಆ ಕಡೆ ತಲೆ ಹಾಕಿಲ್ಲ! ವಿನಂತಿ ಮಾಡ್ಕೊಂಡ್ರೆ ಅಸಡ್ಡೆ, ಹೆದರಿಸಿದ್ರೆ ವಿಧೇಯತೆ. ಇಷ್ಟೇ ಜನ.

ತಮ್ಮ ಇವತ್ತು ಮೇಲೆ ಬಂದವನು ಮುಖವಾಡ ಕಿತ್ತೆಸೆದು "ಅಕ್ಕಾ, ಕಡಲಕುದುರೆ!" ಅಂತ ಕೂಗಿದ. ಬಾಲ ಹುಲ್ಲಿಗೆ ಸುತ್ತಿಕೊಂಡು ಹೇಗೆ ನಿಂತಿತ್ತು ಅಂತ ಬೆರಳು ಮಡಚಿ ತೋರಿಸಿದ. ಚಿಕ್ಕವರಿದ್ದಾಗ ನೋಡಿದ್ದು ನಾವು, ಆಮೇಲೆ ಇಲ್ಲ. ನನ್ನ ಮೇಲಿನ ಮುನಿಸೆಲ್ಲ ಮರೆತೇಹೋಗಿತ್ತು ಅವನಿಗೆ. ನನಗೂ ಕಣ್ಣು ತುಂಬಿ ಬಂತು.

ಪರಿಸರ ಸಮಿತಿಯವರು ಬಂದು ಫೋಟೋ ತೆಗೆದ್ರು. ಮ್ಯಾನೇಜರು ಡ್ರಮ್ಮು ನೋಡಿ, "ಇಲ್ಲಿ ಬಂಡೆ ಇತ್ತಾ?" ಅಂದ್ರು.

"ಇದೆ ಸಾರ್" ಅಂದೆ. ನಾಲಿಗೆ ತಡವರಿಸಲೂ ಇಲ್ಲ.

ಜೂನ್ 14, ಸಂಜೆ

ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಗಾಳಿ. ಹೊರಗಿಂದ ಒಂದು ನೀಲಿ ಯಾಟು, ಗಂಡ ಹೆಂಡತಿ ಇಬ್ಬರೇ. ಇಂಜಿನ್ ನಿಂತಿತ್ತು, ಹಾಯಿ ಹರಿದಿತ್ತು. ಗಾಳಿ ಸೀದಾ ಕಲ್ಲಿನ ತಡೆಗೋಡೆ ಕಡೆ ನೂಕ್ತಾ ಇತ್ತು. ಗಂಡ ಕೊಲ್ಲಿ ಕಡೆ ತಿರುಗಿಸಿದ. ಕಿಟಕಿಯಿಂದ ಕಣ್ಣಾರೆ ನೋಡಿದೆ. ಸರಿಯಾಗೇ ತಿರುಗಿಸಿದ. ಒಳಗೆ ಬಂದು ಲಂಗರು ಬಿಟ್ಟಿದ್ರೆ ಆಗೋಗಿತ್ತು.

ಡ್ರಮ್ಮು ನೋಡಿ ವಾಪಸ್ ತಿರುಗಿಸಿದ.

ರೇಡಿಯೋ ನನ್ನ ಕೈಯಲ್ಲೇ ಇತ್ತು. ಬಂಡೆ ಇಲ್ಲ ಅಂತ ಹೇಳ್ಲಾ ಬೇಡ್ವಾ ಅಂತ… ಯೋಚನೆ ಮಾಡ್ದೆ. ಥೂ! ಅಷ್ಟೊತ್ತಿಗೆ ಯಾಟು ಗೋಡೆಗೆ ಬಡಿದಿತ್ತು. ಗೋಡೆಯಿಂದ ದೂರ ತಳ್ಳೋಕೆ ಅವನು ಕಾಲು ಕೊಟ್ಟಿದ್ದ. ಕಾಲು ಮಧ್ಯ ಸಿಕ್ಕಿಕೊಂಡಿತು. ತಮ್ಮ ಹಗ್ಗ ಕಟ್ಟಿಕೊಂಡು ನೀರಿಗೆ ಹಾರಿದ. ಇಬ್ಬರನ್ನೂ ತಂದ. ಆಂಬುಲೆನ್ಸು ಹೋಯ್ತು.

ನನ್ನ ಕಡೆ ತಿರುಗಿಯೂ ನೋಡಲಿಲ್ಲ ತಮ್ಮ.

ಜೂನ್ 25

ಬರೆಯೋಕೆ ಮನಸ್ಸಾಗಿರಲಿಲ್ಲ.

ನೀಲಿ ಯಾಟಿನವನಿಗೆ ಮಂಡಿ ಕೆಳಗೆ ಕಾಲು ತೆಗೆದ್ರಂತೆ. ಹೆಂಡತಿಗೆ ಬಂದರಿನ ರೂಮು ಬಿಟ್ಟುಕೊಟ್ಟಿದೀವಿ. ಆಸ್ಪತ್ರೆಯಿಂದ ಬಂದವಳು ಆಫೀಸಿಗೆ ಬಂದು ಕೂರ್ತಾಳೆ. ಟೀ ಮಾಡಿ ಕೊಡ್ತೀನಿ. ನನ್ನನ್ನ ಅಕ್ಕ ಅಂತಾಳೆ. ಒಳ್ಳೇ ಹೆಣ್ಣು. ಅದೇ ಕಷ್ಟ.

ಇವತ್ತು ಹೇಳಿದ್ಲು: "ಇವರು ಕೊಲ್ಲಿಗೇ ಹೋಗೋಣ ಅಂತಿದ್ರು ಅಕ್ಕಾ. ನಾನೇ ಆ ಡ್ರಮ್ಮು ನೋಡಿ, ಬಂಡೆ ಇದೆ, ಬೇಡ ಬೇಡ ಅಂತ ಕಿರುಚಿದೆ. ಕಿರುಚದೇ ಇದ್ದಿದ್ರೆ ಇಬ್ಬರೂ ಅಲ್ಲೇ ಮುಳುಗಿಹೋಗ್ತಿದ್ವಿ. ಕಾಲು ಹೋದ್ರೆ ಹೋಗ್ಲಿ, ಜೀವ ಉಳೀತಲ್ಲ. ಅದನ್ನ ಅಲ್ಲಿ ಇಟ್ಟೋರ ಹೊಟ್ಟೆ ತಣ್ಣಗಿರಲಿ."

ಎದ್ದು ಹೋಗಿ ಲೋಟ ತೊಳೆಯೋಕೆ ನಿಂತೆ.

ಜೂನ್ 26

ತಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ. ಇಷ್ಟು ದಿನಕ್ಕೆ ಮೊದಲ ಮಾತು. "ಡ್ರಮ್ಮು ಯಾವಾಗ ತೆಗೆಯೋದು?"

ತೆಗೆದ್ರೆ ಯಾಕೆ ತೆಗೆದ್ರಿ ಅಂತಾರೆ. ಸುಳ್ಳು ಬಯಲಾದ್ರೆ ಕೊಲ್ಲಿಗೆ ಎಲ್ಲರೂ ನುಗ್ತಾರೆ, ಇನ್ನು ನಮ್ಮ ಬೋರ್ಡಿಗೆ ಮೂರು ಕಾಸಿನ ಬೆಲೆ ಇರಲ್ಲ. ನಿನ್ನ ಹುಲ್ಲು, ನಿನ್ನ ಕುದುರೆ… ಎಲ್ಲ ಹೇಳಿದೆ. ಆಯಮ್ಮಂಗೆ ಏನಂತ ಹೇಳೋದು, ನೀನು ಕಿರುಚಿದ್ದಕ್ಕೇ ಕಾಲು ಹೋಯ್ತು ಅಂತಾನಾ? ಅದನ್ನೂ ಹೇಳಿದೆ.

ಪೂರ್ತಿ ಕೇಳಿಸ್ಕೊಂಡ. "ಮತ್ತೆ ಗಾಳಿ ಬರುತ್ತಕ್ಕಾ" ಅಂದ. ಊಟ ಮಾಡದೆ ಹೊರಟುಹೋದ.

ಜುಲೈ 2

ಬಂತು.

ಆಯಮ್ಮ ಎದುರಿಗೆ ಕೂತು ಟೀ ಆರಿಸ್ಕೋತಾ ಇದ್ಲು. ರೇಡಿಯೋದಲ್ಲಿ ಒಬ್ಬ ಹೆಂಗಸು. ಇಂಜಿನ್ ಕೆಟ್ಟಿದೆ, ಮಕ್ಕಳಿದ್ದಾರೆ, ಗೋಡೆ ಹತ್ತಿರ ಆಗ್ತಿದೆ. ಕೊಲ್ಲಿಗೆ ಬರೋಣ ಅಂದ್ರೆ ಅಪಾಯದ ಡ್ರಮ್ಮು ಇದೆ — ಏನು ಮಾಡ್ಲಿ?

ಈ ಸಲ ಯೋಚನೆ ಮಾಡಲಿಲ್ಲ.

"ಡ್ರಮ್ಮಿನ ಪಕ್ಕಕ್ಕೇ ಬನ್ನಿ. ಲಂಗರು ಬಿಡಿ. ಅಲ್ಲಿ ಬಂಡೆ ಇಲ್ಲ."

"ಏನಂದ್ರಿ?"

"ಬಂಡೆ ಇಲ್ಲ. ಯಾವತ್ತೂ ಇರಲಿಲ್ಲ. ಬನ್ನಿ."

ಬಂದ್ರು. ಲಂಗರು ಜಾರಿಕೊಂಡು ಹೋಯ್ತು, ಉದ್ದಕ್ಕೂ ಹುಲ್ಲನ್ನ ಉತ್ತುಕೊಂಡೇ ಹೋಗಿರಬೇಕು, ಆಮೇಲೆ ಕಚ್ಚಿ ನಿಂತಿತು. ಡೆಕ್ಕಿನ ಮೇಲೆ ಕಿತ್ತಳೆ ಜಾಕೆಟ್ ಹಾಕಿದ ಎರಡು ಪುಟ್ಟ ತಲೆ ಕಂಡವು. ಸದ್ಯ.

ಕಿಟಕಿಯಿಂದ ಈ ಕಡೆ ತಿರುಗಿದೆ. ಆಯಮ್ಮ ಲೋಟ ಮೇಜಿನ ಮೇಲಿಟ್ಟಿದ್ಲು. ಬೈತಾಳೆ ಅಂದ್ಕೊಂಡೆ. ಬೈದಿದ್ರೆ ಚೆನ್ನಾಗಿರ್ತಿತ್ತು.

"ಹಾಗಾದ್ರೆ ಅವತ್ತು ನಾನು ಕಿರುಚಿದ್ದು?" ಅಂದ್ಲು.

ಉತ್ತರಕ್ಕೆ ಕಾಯಲಿಲ್ಲ. ಆ ಗಾಳಿಯಲ್ಲೇ ಹೊರಟುಹೋದ್ಲು.

ಜುಲೈ 3

ಮ್ಯಾನೇಜರಿಗೆ ಎಲ್ಲ ಹೇಳಿದೆ. ತಮ್ಮಂಗೆ ಇದರಲ್ಲಿ ಏನೂ ಇಲ್ಲ, ಬೇಡ ಅಂದೋನು ಅವನು ಅಂತಾನೂ ಹೇಳಿದೆ. ಆಫೀಸಿನ ಬೀಗದ ಕೈ ಮೇಜಿನ ಮೇಲಿಟ್ಟೆ. ಅವರು ಅದನ್ನ ಮುಟ್ಟಲಿಲ್ಲ, ಹೋಗಿ ಬನ್ನಿ ಅಂದ್ರು ಅಷ್ಟೆ.

ತಮ್ಮ ಮುಳುಗಿ ಸರಪಳಿ ಬಿಚ್ಚಿದ. ಡ್ರಮ್ಮನ್ನ ಇಬ್ಬರೂ ಎಳೆದು ಜೆಟ್ಟಿಗೆ ಹಾಕಿದ್ವಿ. ಕೆಳಗೆ ಏನು ಉಳಿದಿದೆ ಅಂತ ಕೇಳೋಕೆ ಧೈರ್ಯ ಬರಲಿಲ್ಲ. ಅವನೇ ಹೇಳಿದ, ನನ್ನ ಮುಖ ನೋಡದೆ, ಕಾಲಿಗೆ ಹಾಕಿದ್ದ ಈಜು ರೆಕ್ಕೆ ಬಿಚ್ಚುತ್ತಾ:

"ಹುಲ್ಲು ತಾನೇ ಅಕ್ಕಾ. ಮತ್ತೆ ಬೆಳೆಯುತ್ತೆ ಬಿಡು."

ಅಲ್ಲೇ ಕೂತು ಅತ್ತುಬಿಟ್ಟೆ.

ಅದೇ ದಿನ, ಮಧ್ಯಾಹ್ನ

ಆಸ್ಪತ್ರೆ ಬೆಂಚು. ಎದುರಿಗೇ ಆಯಮ್ಮನ ಗಂಡನ ವಾರ್ಡು. ಏನಂತ ಶುರು ಮಾಡ್ಲಿ? ನೀವು ಸರಿಯಾಗೇ ತಿರುಗಿಸಿದ್ರಿ ಅಂತ. ನಿಮ್ಮವಳದ್ದೇನೂ ತಪ್ಪಿಲ್ಲ ಅಂತ. ಅವಳು ಕಂಡಿದ್ದನ್ನ ನಂಬಿದ್ಲು, ಕಾಣೋ ಹಾಗೆ ಇಟ್ಟವಳು ನಾನು ಅಂತ. ಅಷ್ಟೇ. ಕ್ಷಮಿಸಿ ಅಂತ ಕೇಳಬಾರದು. ಕೇಳಿದ್ರೆ ಅದನ್ನೂ ಅವರ ತಲೆ ಮೇಲೆ ಹಾಕಿದ ಹಾಗೆ.

ಬಾಗಿಲು ತೆರೀತು. ಆಯಮ್ಮ. ನನ್ನನ್ನ ನೋಡಿದ್ಲು. ಕೈ ಎತ್ತಿದ್ದಾಳೆ. ಬಾ ಅಂತಿದ್ದಾಳೋ, ಹೋಗು ಅಂತಿದ್ದಾಳೋ, ಇಲ್ಲಿಂದ ಗೊತ್ತಾಗ್ತಿಲ್ಲ. ಎದ್ದು ಹೋಗ್ತೀನಿ.