ಮದರಂಗಿಯ ಆಲ್ಬಮ್

ಭವ್ಯಾ,

ಮಾತು ಬಿಟ್ಟ ಮೇಲೂ ಬರೆಯುತ್ತಿದ್ದೇನೆ, ಕ್ಷಮಿಸು. ಇದನ್ನು ಪೋಸ್ಟಿಗೆ ಹಾಕುವ ಧೈರ್ಯ ನನಗೆ ಹೇಗೂ ಇಲ್ಲ.

ಅಕ್ಕನ ಮದರಂಗಿಯ ಫೋಟೋಗಳನ್ನು ದುಬೈಯಲ್ಲಿ ನನ್ನ ಚಿಕ್ಕಪ್ಪನ ಮಗ ನೌಫಲನ ರೂಮಿನ ಗಂಡಸರೆಲ್ಲ ನೋಡಿದರೆಂದು ಗೊತ್ತಾದಾಗ ನನ್ನ ಡೌಟ್ ನಿನ್ನ ಮೇಲೆಯೇ ಹೋಯಿತು. ಎಲ್ಲವೂ ತಲೆಗೆ ಬಟ್ಟೆಯಿಲ್ಲದ ಹೆಂಗಸರ ಫೋಟೋ, ಕ್ಯಾಮೆರಾ ನಿನ್ನದು. ಹಾಸ್ಟೆಲಿನಲ್ಲಿ ಎಲ್ಲರೆದುರು ಒಂದೊಂದನ್ನೂ ನಿನ್ನ ಕೈಯಿಂದಲೇ ಡಿಲೀಟ್ ಮಾಡಿಸಿದೆ.

ಇವತ್ತು ಮೂಡಬಿದಿರೆಯ ಸೈಬರಿನಲ್ಲಿ ಫೋಟೋ ಹಾಕಲು ಬೇರೆ ಸೈಟ್ ಹುಡುಕುತ್ತಿದ್ದೆ. ಪ್ರಿಂಟ್ ಹಾಕಿಸಲು ಸ್ಟುಡಿಯೋಗೆ ದೊಡ್ಡ ಸೈಜಿನವು ಹೋಗುವಂಥದ್ದೊಂದು, ಮನೆಯವರಿಗೆ ಮಾತ್ರ ಕಾಣುವಂಥದ್ದು ಇನ್ನೊಂದು ಬೇಕಿತ್ತು. ನೀನು ಕೊಟ್ಟ ಮದರಂಗಿಯ ಫೋಟೋಗಳನ್ನು ನಾನು ನೆಟ್ಟಿನಲ್ಲಿ ಹಾಕಿಟ್ಟ ಹಳೆಯ ಆಲ್ಬಮಿಗೆ ಲಾಕ್ ಉಂಟಾ ಎಂದು ಸ್ಕ್ರೀನಿಗೆ ಶಾಲು ಅಡ್ಡ ಹಿಡಿದು ಕೇಳಿದೆ. ಅಂಗಡಿಯ ಧನರಾಜಣ್ಣ ಅಡ್ರೆಸ್ ಕೇಳಿ ತನ್ನ ಕಂಪ್ಯೂಟರಿನಲ್ಲಿ ಹೊಡೆದರು.

“ಶಾಲು ಯಾಕೆ ಮಾರಾಯ್ತಿ? ಇದು ಎಲ್ಲರಿಗೂ ಓಪನ್ ಉಂಟಲ್ಲ, ಇಲ್ಲಿಯೂ ಕಾಣ್ತದೆ!”

ಸೌದಿಯ ದಮ್ಮಾಮಿನಲ್ಲಿರುವ ಬಾಪನಿಗೆ ಪಾಸ್‌ವರ್ಡ್ ಹೊಡೆಯಲು ಬರುವುದಿಲ್ಲವೆಂದು ನಾನೇ ಹಾಗೆ ಇಟ್ಟಿದ್ದೆ.

ಕೂಡಲೇ ಇಡೀ ಆಲ್ಬಮ್ ಅಳಿಸಿದೆ. ಧನರಾಜಣ್ಣ ಅಷ್ಟರಲ್ಲಿ ಸೇವ್ ಮಾಡಿಕೊಂಡಿದ್ದರೋ ಎಂದು ಈಗ ಅವರ ಮೇಲೂ ಸಂಶಯ. ನಾವಿಬ್ಬರೂ ಮದರಂಗಿಯ ಕೈ ಹಿಡಿದು ನಿಂತ ಫೋಟೋವೂ ಅದರಲ್ಲೇ ಹೋಯಿತು. ಅವತ್ತು ನನಗೆ ಕಾಣದಂತೆ ಅದೊಂದನ್ನಾದರೂ ಉಳಿಸಿಕೊಂಡಿದ್ದೀಯಾ? ಬೇಗ ಬರೆ.

ಸಫ್ರೀನಾ