ಅಮ್ಮನ ಹಿತ್ತಲಿನ ಬೇರು

ಕಾಲ್ಡರ್‌ಲೀ
21 ಮಾರ್ಚ್ 1974

ಪ್ರೀತಿಯ ಐವಿ ಅಕ್ಕ,

ನೀನು, ಭಾವ ಹೇಗಿದ್ದೀರಿ? ಕ್ರಿಸ್‌ಮಸ್‌ಗೆ ನೀನು ಹೆಣೆದು ಕಳಿಸಿದ ಕೈಗವಸು ಮುಟ್ಟಿತೆಂದು ನಾನಿನ್ನೂ ಒಂದು ಸಾಲೂ ಬರೆದಿಲ್ಲ. ಬೈದುಕೋ. ಬರೆಯಲು ಕೂತಾಗಲೆಲ್ಲ ವಿಲ್ಫ್‌ನ ತಂಡ ಸೋತಿರುತ್ತಿತ್ತು, ಪೆನ್ನು ಮುಚ್ಚಿಡುತ್ತಿದ್ದೆ.

ಸುದ್ದಿ ನಿನಗೂ ಮುಟ್ಟಿರಬೇಕು. ಶನಿವಾರ ಆಟ ಮುಗಿದ ಮೇಲೆ ಅವನನ್ನು ಮ್ಯಾನೇಜರ್ ಕೆಲಸದಿಂದ ತೆಗೆದುಹಾಕಿದರು. "ನಮ್ಮ ಮ್ಯಾನೇಜರ್ ಮೇಲೆ ನಮಗೆ ಪೂರ್ಣ ವಿಶ್ವಾಸವಿದೆ" ಎಂದು ಕ್ಲಬ್ಬಿನ ಅಧ್ಯಕ್ಷರು ಮಂಗಳವಾರವೇ ಪೇಪರಿನಲ್ಲಿ ಹೇಳಿದ್ದರು. ಅದನ್ನು ಓದಿದವಳೇ ಅಟ್ಟದಿಂದ ಪೆಟ್ಟಿಗೆಗಳನ್ನು ಇಳಿಸಿದೆ. ಅಧ್ಯಕ್ಷರು ಹಾಗೆಂದರೆ ಕೆಲಸ ಹೋಯಿತೆಂದೇ ಅರ್ಥ, ಇಷ್ಟು ವರ್ಷದಲ್ಲಿ ನಾನು ಕಲಿತ ಫುಟ್‌ಬಾಲ್ ಅಷ್ಟೇ. ಮನೆ ಕ್ಲಬ್ಬಿನದು, ತಿಂಗಳ ಕೊನೆಗೆ ಬೀಗದ ಕೈ ಕೊಡಬೇಕು.

ಮಾಂಸದಂಗಡಿಯ ಕ್ಲೆಗ್ ಎಲ್ಲರ ಮುಂದೆ ಕೇಳಿದ: "ಹಂದಿ ಕಾಲು ಕಟ್ಲಾ ಅಮ್ಮಾ? ನಿಮ್ಮೆಜಮಾನ್ರು ಶನಿವಾರ ಮೈದಾನಕ್ಕೆ ಇವನ್ನೇ ಇಳಿಸಬಹುದಿತ್ತು."

"ಕಟ್ಟಪ್ಪ, ಇವಾದ್ರೂ ಹೇಳಿದ ಕಡೆ ನಿಲ್ತಾವೆ," ಅಂದೆ.

ವಿಲ್ಫ್ ಇದೇ ಊರಿನ ತಂಡಕ್ಕೆ ಫಾರ್ವರ್ಡ್ ಆಗಿ ಆಡುತ್ತಿದ್ದಾಗ, ತಲೆಯಿಂದ ಗೋಲು ಹೊಡೆದ ಒಂದು ಸಂಜೆ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವನು ಇದೇ ಕ್ಲೆಗ್.

ವಿಲ್ಫ್‌ನ ಮೊಣಕಾಲು ಹೋದ ಮೇಲೆ ಎಳೆಯರಿಗೆ ತರಬೇತಿ, ಆಮೇಲೆ ಮ್ಯಾನೇಜರ್ ಕೆಲಸ, ಊರಿಂದ ಊರಿಗೆ. ಎಲ್ಲಾ ಮನೆಗೂ ಎರಡು ವಸ್ತು ತಪ್ಪದೆ ಬಂದವು. ಯಾರೂ ಮುಟ್ಟಬಾರದ ಅವನ ಹಳೆಯ ಬೂಟಿನ ಚೀಲ, ಮತ್ತೆ ಅಮ್ಮನ ಹಿತ್ತಲಿನ ಹುಳಿದಂಟಿನ ರೂಬಾರ್ಬ್ ಗಿಡದ ಬೇರು. ನೆಟ್ಟು ಎರಡು ವರ್ಷ ದಂಟು ಕೀಳಬೇಡ, ಬೇರು ಸೊರಗುತ್ತೆ ಅಂತ ಅಮ್ಮ ಹೇಳುತ್ತಿದ್ದಳಲ್ಲ. ನಾನು ಒಂದು ದಂಟೂ ತಿಂದಿಲ್ಲ ಅಕ್ಕ. ಅಷ್ಟರೊಳಗೆ ಮನೆ ಖಾಲಿ ಮಾಡಬೇಕಾಗುತ್ತಿತ್ತು. ಇಲ್ಲಿ ಇದು ಮೂರನೆಯ ವಸಂತ. ಕೆಂಪು ಮೊಳಕೆ ನೆಲ ಬಿರಿದು ಬಂದಿದೆ. ಏಪ್ರಿಲ್‌ನಲ್ಲಿ ಸಕ್ಕರೆ ಹಾಕಿ ಬೇಯಿಸೋಣ ಎಂದುಕೊಂಡಿದ್ದೆ.

ನಿನ್ನೆ ದಕ್ಷಿಣದ ಯಾವುದೋ ಕ್ಲಬ್ಬಿನಿಂದ ಫೋನ್ ಬಂತು.

"ಲೀಗಿನ ಕೊನೇಲಿದಾರೆ, ಮೇವಿಸ್. ಆದ್ರೆ ಮನೆ ಚೆನ್ನಾಗಿದೆಯಂತೆ," ಅಂದ ವಿಲ್ಫ್.

"ಎಲ್ಲಾ ಮನೇನೂ ಚೆನ್ನಾಗೇ ಇತ್ತು."

"ಇದೊಂದೇ ಸಲ."

"ಹೋದ ಸಲಾನೂ ಇದೊಂದೇ ಸಲ ಅಂದಿದ್ದೆ."

ಅವನು ನಕ್ಕ. ನಾನು ನಗಲಿಲ್ಲ, ಅದು ಅವನಿಗೆ ತಿಳಿಯಲಿಲ್ಲ. ಕೆಟ್ಟವನಲ್ಲ ಅಕ್ಕ. ಎಂದೂ ಕೈ ಎತ್ತಿಲ್ಲ, ದನಿ ಎತ್ತಿಲ್ಲ. ನನಗೆ ದಣಿವಾಗಿದೆ ಅಷ್ಟೇ. ಮಲಗಿ ಎದ್ದರೆ ಹೋಗುವ ದಣಿವಲ್ಲ.

ಭಾವನ ಕೆಮ್ಮು ಬೇಗ ಇಳಿಯಲಿ. ದೇವರು ನಿಮ್ಮಿಬ್ಬರನ್ನೂ ಅದೇ ಒಲೆಯ ಮುಂದೆ ಬಹುಕಾಲ ಕೂರಿಸಲಿ.

ನಿನ್ನ ತಂಗಿ,
ಮೇವಿಸ್

ಮತ್ತೆ: ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ನಾನು ಅವನ ಜೊತೆ ಹೋಗುವುದಿಲ್ಲ. ನಿಮ್ಮಲ್ಲಿ ಅಮ್ಮನ ಕೋಣೆ ಖಾಲಿ ಇದೆಯೇ? ಬೇರು ಇಲ್ಲೇ ಇರಲಿ, ನೀನೊಬ್ಬನೇ ಹೋಗು ಎಂದು ಅವನಿಗೆ ಹೇಳಿಬಿಡಲು ಬೆಳಿಗ್ಗೆ ಹಿತ್ತಲಿಗೆ ಹೋದೆ. ವಿಲ್ಫ್ ಆ ಕೆಟ್ಟ ಮೊಣಕಾಲು ಊರಿ ಮಣ್ಣಿನಲ್ಲಿ ಕೂತಿದ್ದ. ಇಷ್ಟು ವರ್ಷದಲ್ಲಿ ಮೊದಲ ಸಲ ಬೇರನ್ನು ತಾನೇ ಅಗೆದಿದ್ದ. ಬೂಟುಗಳನ್ನು ಕಸದ ಡಬ್ಬಿಗೆ ಹಾಕಿ, ಬೇರನ್ನು ಒದ್ದೆ ಪೇಪರಿನಲ್ಲಿ ಸುತ್ತಿ, ಅವುಗಳ ಚೀಲದೊಳಗೆ ಮಲಗಿಸುತ್ತಿದ್ದ.

"ಒಂದು ಮೊಳಕೆನೂ ಮುರೀಲಿಲ್ಲ, ನೋಡು," ಅಂದ.

ನಾನು ಒಳಗೆ ಬಂದು ಟೀಗೆ ನೀರಿಟ್ಟೆ. ಇನ್ನೂ ಹೇಳಿಲ್ಲ.