ಹರಿಗೋಲು ಹತ್ತದ ಸೊಸೆ

ಹಾಸನ
೨೪-೧-೧೯೩೯

ಅರಕಲಗೂಡಿನಲ್ಲಿರುವ ಅವ್ವನ ಪಾದಗಳಿಗೆ ರೇವಳ ಶರಣು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡ. ಹೇಳುವಂಥದ್ದು ಒಂದಿತ್ತು, ಹೇಳಿದರೆ ಎಲ್ಲಿ ಕೈತಪ್ಪಿ ಹೋದೀತೋ ಎಂದು ಹೆದರಿ ಸುಮ್ಮನಿದ್ದೆ. ಈಗ ಹೇಳುತ್ತೇನೆ. ಆದರೆ ಮೊದಲು ನಮ್ಮ ಮಾವನವರ ಹರಿಗೋಲಿನ ಕಥೆ ಕೇಳು.

ಮದುವೆಯಾಗಿ ಆರು ವರ್ಷವಾದರೂ ನನ್ನ ಮಡಿಲು ತುಂಬಲಿಲ್ಲವೆಂದು ನಮ್ಮವರಿಗೆ ಇನ್ನೊಂದು ಹೆಣ್ಣು ತರುವ ಮಾತು ಎದ್ದಿದ್ದು ನಿನಗೂ ಗೊತ್ತು. ನಾನು ಬಂದರೆ ಮಾತು ನಿಲ್ಲುತ್ತಿತ್ತು, ಅಡಿಗೆಮನೆಗೆ ಹೋದರೆ ಮತ್ತೆ ಶುರು. ಆ ನಡುವೆಯೇ, ಬಟ್ಟೆ ಅಂಗಡಿ ಬಿಟ್ಟು ಒಂದು ದಿನವೂ ಏಳದ ಮಾವನವರು, ಸಂಕ್ರಾಂತಿ ಕಳೆದದ್ದೇ ಮನೆಮಂದಿಯೆಲ್ಲ ರೈಲಿನಲ್ಲಿ ಹೊಳೆನರಸೀಪುರಕ್ಕೆ ಹೋಗಿ, ಹೇಮಾವತಿಯಲ್ಲಿ ಹರಿಗೋಲು ಹತ್ತಿ, ಆಚೆ ದಡದ ಸ್ನೇಹಿತರ ತೋಟದಲ್ಲಿ ಎರಡು ದಿನ ಹಾಯಾಗಿ ಇದ್ದು ಬರೋಣ ಎಂದರು. ನೀರು ಕಂಡರೆ ಆಗದ ಅತ್ತೆಯೂ ಹೂಂ ಅಂದರು.

ಹರಿಗೋಲು ನಡೆಸುವ ಬೈರಯ್ಯನನ್ನು ಹೊಳೆನರಸೀಪುರದಿಂದ ಕರೆಸಿ, ಯಾರು ಎಲ್ಲಿ ಕೂರಬೇಕೆಂದು ಜಗಲಿಯ ಮೇಲೆ ಚರ್ಚೆಯೋ ಚರ್ಚೆ. ಅವನು ಅತ್ತೆಯ ಗಾತ್ರ ನೋಡಿ, "ಅಮ್ಮಾವ್ರು ನಡೂಕೆ ಕುಂತ್ಕಳ್ಲಿ ಸಾ, ಅಂಚಿಗೆ ಬ್ಯಾಡ" ಎಂದ. ಅತ್ತೆ ಅವನಿಗೆ ಎರಡನೇ ಲೋಟ ಕಾಫಿ ಕೊಡಲಿಲ್ಲ.

ಹೊರಡುವ ಹಿಂದಿನ ಸಂಜೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಎಲ್ಲ ಕಟ್ಟಿಟ್ಟು, "ನಾನು ಹೊಳೆ ದಾಟಲ್ಲ ಅತ್ತೆ" ಎಂದೆ. ಮಾವನವರಿಗೆ ಮೂಗಿನ ತುದಿಯಲ್ಲೇ ಕೋಪ. "ಎದ್ರಿಕೆ ಆದ್ರೆ ಕಣ್ ಮುಚ್ಕಂಡು ಕೂತ್ಕೊ. ಅವ್ರಿಗೆ ಮಾತು ಕೊಟ್ಟಾಗದೆ" ಎಂದು ಗದರಿದರು. ಅತ್ತೆ ಮಾತ್ರ ನನ್ನ ಮುಖವನ್ನೇ ನೋಡಿದರು. ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, "ಎಷ್ಟು ತಿಂಗ್ಳೇ?" ಎಂದರು.

"ಮೂರು ತುಂಬ್ತು" ಎಂದೆ.

ಬಸುರಿ ಹೊಳೆ ದಾಟಬಾರದೆಂದು ನೀನು ಹೇಳುತ್ತಿದ್ದೆಯಲ್ಲ, ಅತ್ತೆಗೆ ಅವರವ್ವನೂ ಹಾಗೇ ಹೇಳಿದ್ದರಂತೆ. ಹೊರಗೆ ಬಂದವರೇ, "ನಿಮ್ಮ ಅರಿಗೋಲು ಅಲ್ಲೇ ಬೋರಲು ಬಿದ್ದಿರ್ಲಿ. ಯಾರೂ ಎಲ್ಲೂ ಓಗದು ಬ್ಯಾಡ" ಎಂದರು. ಮಾವನವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಹೆಗಲ ಮೇಲಿನ ವಲ್ಲಿಯಲ್ಲಿ ಕಣ್ಣೊರೆಸಿಕೊಂಡು, ಬುತ್ತಿಯ ಗಂಟು ಬಿಚ್ಚಿ ಎಲ್ಲರಿಗೂ ತಾವೇ ರೊಟ್ಟಿ ಕೊಟ್ಟರು.

ಎದೆಯ ಮೇಲಿನ ಕಲ್ಲು ಇಳಿದಂತಾಗಿದೆ ಅವ್ವಾ. ಬೆಳಗಾಗುವ ತನಕ ನಿದ್ದೆ ಬರುತ್ತಿದೆ. ಅತ್ತೆ ಕೊಡ ಎತ್ತಲೂ ಬಿಡುವುದಿಲ್ಲ. ನೀನು ಬೇಗ ಬಾ, ಬರುವಾಗ ಹೇರಳೆಕಾಯಿ ಉಪ್ಪಿನಕಾಯಿ ತಾ. ಅಲ್ಲಿಂದಲೇ ನಮ್ಮಿಬ್ಬರನ್ನೂ ಹರಸು.

ನಿನ್ನ ಮಗಳು,
ರೇವ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ: ಆಚೆ ದಡದ ತೋಟದಲ್ಲಿ ಹೆಣ್ಣು ನೋಡುವುದಿತ್ತು. ಆ ಸ್ನೇಹಿತರ ಮಗಳು. ಮೊದಲ ಹೆಂಡತಿ ಒಪ್ಪಿ ಜೊತೆಗೇ ಬಂದಿದ್ದಾಳೆಂದು ಅವರಿಗೆ ತೋರಿಸಲು ನಾನೂ ಬೇಕಿತ್ತು. ಅದು ಗೊತ್ತಿದ್ದೇ ರೊಟ್ಟಿ ತಟ್ಟಿದೆ. ಅತ್ತೆ ಮಾವನ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಮೊಮ್ಮಗು ಬೇಕಿತ್ತು. ಆದರೆ ನಮ್ಮವರು ಹೊರಡುವ ಹಿಂದಿನ ದಿನ ಬೆಳಿಗ್ಗೆ ಕ್ಷೌರ ಮಾಡಿಸಿಕೊಂಡು ಬಂದು, ಹೊಸ ಅಂಗಿಗೆ ಗುಂಡಿ ಹಾಕಿಕೊಡು ಎಂದು ನನ್ನ ಕೈಗೇ ಕೊಟ್ಟರು ಅವ್ವಾ. ಹಾಕಿಕೊಟ್ಟೆ.